ಸ್ಲಿಪ್ಪಿಲ್ಲದ ಒಂದು ಸಾಲು

ಭಾನುವಾರ ಬೆಳಿಗ್ಗೆ ಸೊಸೆ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಬೆಡ್‌ಶೀಟುಗಳಿಗೆ ಸೋಪು ಹಚ್ಚುತ್ತಿದ್ದಳು. ಎರಡು ಮುಗಿದಿದ್ದವು. ಮೂರನೆಯದರ ಅರ್ಧ ಬಕೀಟಿನಲ್ಲಿ, ಇನ್ನರ್ಧ ಕಲ್ಲಿನ ಮೇಲೆ. ಅಷ್ಟರಲ್ಲಿ ಹಾಲಿನಿಂದ ಮಾವನ ದನಿ ಬಂತು.

"ಸ್ಟೇಟ್‌ಮೆಂಟ್ ತೆಗೀತಿದೀನಿ. ಎಲ್ಲರೂ ಬನ್ನಿ, ಸ್ಲಿಪ್ಪುಗಳ ಸಮೇತ!"

"ಐದು ನಿಮಿಷ ಮಾವ, ಕೈಯೆಲ್ಲ ನೊರೆ."

"ನೊರೆ ಎಲ್ಲೂ ಓಡಿಹೋಗಲ್ಲಮ್ಮ. ನಡುರಸ್ತೇಲಿ ಬಸ್ಸು ನಿಲ್ಲಿಸ್ತಿದ್ದವನು ನಾನು. ನಿನ್ನ ಬಕೀಟು ನಿಲ್ಲಲ್ವಾ?"

ಬಕೀಟು ನಿಂತಿತು. ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು.

ಮಾವ ಮೂವತ್ತೊಂದು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ನಿವೃತ್ತಿಯಾಗಿದ್ದು ನೌಕರಿಯಿಂದ ಮಾತ್ರ, ತಪಾಸಣೆಯಿಂದಲ್ಲ. ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಅಂಚೆಯಲ್ಲಿ ಬಂದ ಮೊದಲ ಭಾನುವಾರ ಊಟದ ಮೇಜನ್ನು ತಾವೇ ಒರೆಸಿ, ಕೆಂಪು ಪೆನ್ಸಿಲು, ಅಡಿಪಟ್ಟಿ, ಹಳೆಯ ಟಿಕೆಟ್ ಪಂಚು ಮೂರನ್ನೂ ಸಾಲಾಗಿ ಇಟ್ಟುಕೊಂಡು ಕೂರುತ್ತಿದ್ದರು. ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುವರು. ಖರ್ಚು ಮಾಡಿದವರು ಸ್ಲಿಪ್ಪು ಮುಂದಿಡಬೇಕು. ತಾಳೆಯಾದರೆ ಸ್ಲಿಪ್ಪಿಗೆ ಟಿಕ್ ಎಂದು ಒಂದು ತೂತು. ತೂತು ಬಿದ್ದ ಸ್ಲಿಪ್ಪನ್ನು ತಂತಿಗೆ ಪೋಣಿಸುವ ಕೆಲಸ ಮೊಮ್ಮಗಳದು. ಹತ್ತು ವರ್ಷದ ಅವಳನ್ನು ತಾತ ಕರೆಯುತ್ತಿದ್ದುದೇ 'ಅರ್ಧ ಟಿಕೀಟು' ಎಂದು.

ಕಾರ್ಡು ಮಾವನ ಹೆಸರಿನದು. ಅದರ ಜೊತೆಗೆ ಬ್ಯಾಂಕಿನವರು ಕೊಟ್ಟಿದ್ದ ಎರಡು ಹೆಚ್ಚುವರಿ ಕಾರ್ಡುಗಳಲ್ಲಿ ಒಂದು ಮಗನ ಹತ್ತಿರ, ಇನ್ನೊಂದು ಮಗಳ ಹತ್ತಿರ. ಮಗ ಲಿಫ್ಟ್ ರಿಪೇರಿಯವನು. ಅವನಿಗಿಂತ ಆರು ವರ್ಷ ದೊಡ್ಡವಳಾದ ಮಗಳು ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಗಂಡನ ಮನೆ ಬಿಟ್ಟು ಬಂದು ನಾಲ್ಕು ವರ್ಷವಾಗಿತ್ತು. ಕೆಲಸದಿಂದ ಬರುವಾಗ ಮನೆಗೆ ಬೇಕಾದ ಸಾಮಾನು ತರುವುದು ಅವಳೇ ಆದ್ದರಿಂದ ಅವಳಿಗೆ ಕಾರ್ಡು. ಸೊಸೆ ಅರ್ಧ ದಿನ ಪರದೆಯಂಗಡಿಯಲ್ಲಿ ಅಂಚು ಹೊಲಿಯುತ್ತಿದ್ದಳು. ಅವಳಿಗೆ ಕಾರ್ಡು ಕೊಡುವ ಮಾತು ಒಮ್ಮೆ ಬಂದಾಗ ಮಾವ, "ಒಂದು ಬಸ್ಸಿಗೆ ಎಷ್ಟು ಬಾಗಿಲಮ್ಮ?" ಎಂದು ಕೇಳಿದ್ದರು. ಮಾತು ಅಲ್ಲಿಗೇ ಮುಗಿದಿತ್ತು.

ಅವತ್ತು ಸೊಸೆ ಕುರ್ಚಿಯ ತುದಿಯಲ್ಲೇ ಕೂತಳು. ಕಾರಣ ಮೇಜಿನ ಆ ಬದಿಯಲ್ಲಿ, ತನ್ನ ಮಗಳ ಮೂಗಿನ ಮೇಲಿತ್ತು.

ಶಾಲೆಯಲ್ಲಿ ಕ್ಯಾಂಪ್ ಮಾಡಿ ಕಣ್ಣು ನೋಡಿದವರು ಪುಕ್ಕಟೆ ಕನ್ನಡಕ ಕೊಟ್ಟಿದ್ದರು. ದಪ್ಪ ಕಂದು ಪ್ಲಾಸ್ಟಿಕ್ಕಿನದು, ದೊಡ್ಡವರ ಮುಖದ ಅಳತೆಯದು. ಮಗು ತಲೆ ಬಗ್ಗಿಸಿದರೆ ಪುಸ್ತಕದ ಮೇಲೆ ಬೀಳುತ್ತಿತ್ತು. ಕ್ಲಾಸಿನಲ್ಲಿ ಗೂಬೆ ಎಂದರು. ಮಗು ಶಾಲೆಯ ಗೇಟಿನಲ್ಲಿ ಕನ್ನಡಕ ತೆಗೆದು ಚೀಲಕ್ಕೆ ಹಾಕಿಕೊಳ್ಳುವುದು, ಬೋರ್ಡಿನ ಮೇಲಿನ ಏಳನ್ನು ಒಂದೆಂದು ಬರೆದುಕೊಳ್ಳುವುದು ಶುರುವಾಯಿತು. ಬೇರೆ ಕೊಡಿಸೋಣವೆಂದರೆ ಮಾವ, "ನೋಡೋಕೆ ಬೇಕಾದ್ದು ಗಾಜು, ಫ್ರೇಮಲ್ಲ. ಪುಕ್ಕಟೆ ಸಿಕ್ಕಿದ್ದು ಇರುವಾಗ ದುಡ್ಡು ಸುರಿಯೋದು ಕೊಬ್ಬು" ಎಂದರು. ಗಂಡ ತಟ್ಟೆ ನೋಡಿಕೊಂಡು ಊಟ ಮಾಡಿದ. ಕೊನೆಗೆ ಸೊಸೆ ನಾದಿನಿಯ ಕಾರ್ಡು ಕೇಳಿ ಇಸಿದುಕೊಂಡು, ಮಗಳನ್ನು ಕರೆದುಕೊಂಡು ಹೋಗಿ ಹಗುರವಾದ, ನೀಲಿ ಕಡ್ಡಿಯ ಕನ್ನಡಕ ಕೊಡಿಸಿದಳು. ಮನೆಯಲ್ಲಿ, "ಕ್ಯಾಂಪಿನವರು ಬದಲಾಯಿಸಿ ಕೊಟ್ರು" ಎಂದಳು. ಮಗಳಿಗೂ ಹಾಗೇ ಹೇಳೆಂದಳು. ಸ್ಟೇಟ್‌ಮೆಂಟಿನಲ್ಲಿ ಕನ್ನಡಕದಂಗಡಿಯ ಹೆಸರು ಬಂದಾಗ ನಾದಿನಿ, "ನನಗೆ ಓದೋ ಕನ್ನಡಕ ತಗೊಂಡೆ" ಎನ್ನಬೇಕು, ಸೊಸೆ ತನ್ನ ಹೊಲಿಗೆ ದುಡ್ಡಿನಲ್ಲಿ ತಿಂಗಳಿಗಿಷ್ಟು ತೀರಿಸಬೇಕು. ಇದು ಅಡುಗೆಮನೆಯಲ್ಲಿ ಆಗಿದ್ದ ಒಪ್ಪಂದ.

ಮಾವ ಓದುತ್ತ ಹೋದರು. ಸೊಪ್ಪಿನಂಗಡಿ, ಔಷಧಿ ಅಂಗಡಿ, ಮಗನ ಪೆಟ್ರೋಲು. ಟಿಕ್, ಟಿಕ್, ಟಿಕ್. ಆಮೇಲೆ ಅಡಿಪಟ್ಟಿ ಒಂದು ಸಾಲಿನ ಕೆಳಗೆ ನಿಂತಿತು.

"ನ್ಯೂ ಮಾಡರ್ನ್ ಏಜೆನ್ಸೀಸ್. ಎರಡು ಸಾವಿರದ ಎಂಟುನೂರ ಎಪ್ಪತ್ತು. ನಿನ್ನ ಕಾರ್ಡು." ಮಗಳತ್ತ ನೋಡಿದರು. "ಸ್ಲಿಪ್ಪು?"

ನಾದಿನಿ ಕೈಯಲ್ಲಿದ್ದ ಸ್ಲಿಪ್ಪುಗಳನ್ನು ಎರಡು ಸಲ ತಿರುವಿದಳು. "ಇಂಥ ಅಂಗಡೀನೇ ನನಗೆ ಗೊತ್ತಿಲ್ಲ ಅಪ್ಪ."

"ಅಂಗಡಿಗೆ ನೀನು ಗೊತ್ತಲ್ಲ."

"ನಾನು ಹೋಗಿಲ್ಲ ಅಂದ್ನಲ್ಲ."

"ಕಾರ್ಡು ಬೇರೆಯವರ ಕೈಗೆ ಕೊಟ್ಟಿದ್ದೆಯಾ?"

ಸೊಸೆ ಮೇಜಿನ ಮೇಲಿನ ಹಳೆಯ ಕಾಫಿಯ ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಇಲ್ಲ," ಎಂದಳು ನಾದಿನಿ.

ಕೆಂಪು ಪೆನ್ಸಿಲು ಆ ಸಾಲಿನ ಸುತ್ತ ಎರಡು ಸುತ್ತು ಸುತ್ತಿತು.

ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಇಬ್ಬರೂ ಪಿಸುಗುಟ್ಟಿದರು.

"ಅದು ಅವತ್ತಿನ ಕನ್ನಡಕದ್ದಲ್ಲ ತಾನೆ?"

"ಅಯ್ಯೋ ಇಲ್ಲ ಅಕ್ಕ. ಅದು ಎರಡು ಸಾವಿರದ ನಾನೂರು. ಅಂಗಡಿ ಮೇಲೆ ಇಷ್ಟು ದೊಡ್ಡ ಕಣ್ಣಿನ ಚಿತ್ರ, ಆಪ್ಟಿಕಲ್ಸ್ ಅಂತ ಬೋರ್ಡು. ಇದ್ಯಾವುದೋ ಏಜೆನ್ಸಿ. ನಮ್ಮದು ಮುಂದಿನ ತಿಂಗಳು ಬರುತ್ತೆ."

"ಸ್ಲಿಪ್ಪು ಎಲ್ಲಿದೆ? ನೋಡಿಬಿಡೋಣ."

"ಬಸ್‌ಸ್ಟಾಪಲ್ಲೇ ಹರಿದು ಹಾಕ್ದೆ. ಈ ಮನೇಗೆ ಸ್ಲಿಪ್ಪು ತಂದು ಎಲ್ಲಿ ಬಚ್ಚಿಡ್ಲಿ?"

ನಾದಿನಿಗೂ ನಗು ಬಂತು. "ಸರಿ. ಅಪ್ಪ ಹೇಳಿದ್ಹಾಗೆ ಬ್ಯಾಂಕಿಗೆ ಬರೆಯೋಣ. ಮೋಸ ಆಗಿದ್ರೆ ಸಿಗುತ್ತೆ."

ಮರುದಿನ ಮಾವ ಬ್ಯಾಂಕಿಗೆ ಫೋನು ಮಾಡಿ ಮುಕ್ಕಾಲು ಗಂಟೆ ಹಾಡು ಕೇಳಿಸಿಕೊಂಡರು. ಕೊನೆಗೆ ಸಿಕ್ಕ ಹುಡುಗಿಗೆ ತಮ್ಮ ನೌಕರಿಯ ಇತಿಹಾಸ ಹೇಳಿ ಮುಗಿಸುವ ಹೊತ್ತಿಗೆ, 'ಈ ಖರ್ಚು ನಾನು ಮಾಡಿಲ್ಲ' ಎನ್ನುವ ತಕರಾರು ಅರ್ಜಿ ತುಂಬಿ, ಕಾರ್ಡು ಯಾರ ಹತ್ತಿರವಿದೆಯೋ ಅವರ ಸಹಿಯೊಂದಿಗೆ ಕಳಿಸಬೇಕೆಂದು ಗೊತ್ತಾಯಿತು. ನಾದಿನಿ ಸಹಿ ಹಾಕಿದಳು. ಸಹಿ ಒಣಗುವ ಮೊದಲೇ ಮಾವ ಅವಳ ಕಾರ್ಡನ್ನು ಇಸಿದುಕೊಂಡು ಕತ್ತರಿಯಿಂದ ಎರಡು ತುಂಡು ಮಾಡಿದರು.

"ಮೋಸ ಆದ ಕಾರ್ಡು ಇಟ್ಕೋಬಾರ್ದು ಅಂತ ಅವರೇ ಹೇಳಿದ್ರು. ಹೊಸದು ಬೇಕಾ ಬೇಡವಾ ಅಂತ ಕೇಳಿದ್ರು. ಬೇಡ ಅಂದೆ."

"ನನ್ನ ಕೇಳದೇನಾ?"

"ಖರ್ಚು ಮಾಡುವಾಗ ನನ್ನ ಕೇಳಿದ್ಯಾ?"

ಹಾಗೆ ಶುರುವಾಯಿತು. ಮಾವನಿಗೆ ಮೊದಲ ವಾರ ಅನುಮಾನವಿದ್ದುದು ಬ್ಯಾಂಕಿನ ಮೇಲೆ. ಎರಡನೆಯ ವಾರ ಅದು ಮನೆಯೊಳಗೆ ಬಂದು ಕೂತಿತು. ಮಗಳು ಬಿಟ್ಟು ಬಂದ ಆ ಗಂಡ ಸಾಲಗಾರ ಎಂದು ಯಾರೋ ಬಸ್ ಡಿಪೋದ ಹಳೆಯ ಗೆಳೆಯರು ಹೇಳಿದ್ದರು. ನಾದಿನಿ ಊಟದ ನಡುವೆ ಮೊಬೈಲು ನೋಡಿದರೆ, "ಯಾರದು?" ಲ್ಯಾಬಿನಿಂದ ಅರ್ಧ ಗಂಟೆ ತಡವಾದರೆ, "ಏಜೆನ್ಸಿಗೆ ಹೋಗಿದ್ಯಾ?"

ಗುರುವಾರದ ಊಟದ ಹೊತ್ತಿನಲ್ಲಿ ಅದು ಒಡೆಯಿತು. ಸೊಸೆ ಬಡಿಸುತ್ತಿದ್ದಳು.

"ಬ್ಯಾಂಕಿನವರು ನಿನಗೆ ಫೋನು ಮಾಡಿದಾಗ ಏನಂದೆ?" ಎಂದರು ಮಾವ.

"ನೀವೇ ಎದುರಿಗೆ ಕೂತಿದ್ರಿ, ಸೋಮವಾರ. ನಾನಲ್ಲ ಅಂದೆ."

"ಮುಖ ಬಿಳಿಚಿಕೊಂಡಿತ್ತು ಹಾಗನ್ನುವಾಗ."

"ಅಪ್ಪ, ಏನು ಹೇಳ್ಬೇಕೂಂತ ಇದೀರೋ ಹೇಳಿಬಿಡಿ. ಅನ್ನ ಆರ್ತಿದೆ."

"ಅವನಿಗೆ ಕೊಡಿಸಿದ್ಯಾ?"

"ಯಾರಿಗೆ?"

"ಇನ್ಯಾರಿಗೆ? ಒದ್ದು ಹೊರಗೆ ಹಾಕ್ದವನಿಗೆ."

ನಾದಿನಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. "ಅವನು ಒದ್ದು ಹಾಕ್ಲಿಲ್ಲಪ್ಪ. ನಾನೇ ಬಂದೆ. ನನ್ನ ಮನೆ ಒಂದಿದೆ ಅಂದ್ಕೊಂಡು ಬಂದೆ."

"ಮೂವತ್ತೊಂದು ವರ್ಷ ಮುಖ ನೋಡಿ ಹಿಡಿದಿದೀನಿ ನಾನು. ಟಿಕೆಟ್ ಇಲ್ಲದವರು ಕಿಟಕಿ ಕಡೆ ನೋಡ್ತಾರೆ. ನೀನು ಎರಡು ವಾರದಿಂದ ಕಿಟಕಿ ಕಡೇನೇ ನೋಡ್ತಿದೀಯ."

"ಅಪ್ಪ, ಬಿಡಿ," ಎಂದ ಮಗ, ತಟ್ಟೆಗೆ.

ಸೊಸೆ ಸಮಾಧಾನ ಮಾಡಲೆಂದೇ ಬಾಯಿ ತೆರೆದಳು. "ಅಕ್ಕ, ಲ್ಯಾಬಿನವರಿಗೆ ಏನಾದ್ರೂ ತಂದಿದ್ದು ಮರೆತಿದೀರಾ ಅಂತ ಒಂದ್ಸಲ ನೆನಪು ಮಾಡ್ಕೊಳ್ಳಿ..."

ನಾದಿನಿ ಅವಳನ್ನು ನೋಡಿದಳು. ಆ ನೋಟದ ಅರ್ಥ ಸೊಸೆಗೆ ಅವತ್ತು ಆಗಲಿಲ್ಲ. ಸೌಟು ಹಿಡಿದು ನಿಂತೇ ಇದ್ದಳು.

"ನೀನೂನಾ?" ಎಂದಳು ನಾದಿನಿ, ಮೆಲ್ಲಗೆ.

ಶನಿವಾರ ಎರಡು ಚೀಲ ಹಿಡಿದು ಅವಳು ಹೊರಟಳು. ಲ್ಯಾಬಿನ ಹತ್ತಿರ ದುಡಿಯುವ ಹೆಂಗಸರ ಹಾಸ್ಟೆಲಿನಲ್ಲಿ ಒಂದು ಮಂಚ ಸಿಕ್ಕಿತ್ತು. ಅರ್ಧ ಟಿಕೀಟು ಬಾಗಿಲವರೆಗೆ ಹಿಂದೆ ಹಿಂದೆ ಹೋಗಿ ಅತ್ತೆಯ ದುಪಟ್ಟಾ ಹಿಡಿದುಕೊಂಡಳು. ಅತ್ತೆ ಬಗ್ಗಿ, ಅವಳ ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿ, "ಚೆನ್ನಾಗಿ ಕಾಣುತ್ತಾ ಬೋರ್ಡು?" ಎಂದಳು. ಮಗು ತಲೆಯಾಡಿಸಿತು. "ಅಷ್ಟು ಸಾಕು."

ಒಬ್ಬಳು ಕಡಿಮೆಯಾದರೆ ಮನೆಯಲ್ಲಿ ಎಷ್ಟು ಕೆಲಸ ಜಾಸ್ತಿಯಾಗುತ್ತದೆಂಬುದು ಒಂದೇ ವಾರದಲ್ಲಿ ಗೊತ್ತಾಯಿತು. ಸೊಸೆ ಪರದೆಯಂಗಡಿಯಿಂದ ನೇರ ಮಾರುಕಟ್ಟೆಗೆ ಓಡಬೇಕು. ಮಾವನ ರಕ್ತದೊತ್ತಡದ ಮಾತ್ರೆ ಯಾವ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆಂದು ನಾದಿನಿಗೆ ಮಾತ್ರ ಗೊತ್ತಿತ್ತು. ತಿಂಗಳಿಗೊಮ್ಮೆ ಮಾವನ ರಕ್ತ ಪರೀಕ್ಷೆಗೆ ಮನೆಯಲ್ಲೇ ಸೂಜಿ ಚುಚ್ಚುತ್ತಿದ್ದವಳೂ ಅವಳೇ. ಈಗ ಮಾವ ಸರದಿಯಲ್ಲಿ ನಿಂತು ಪರರ ಕೈಲಿ ಚುಚ್ಚಿಸಿಕೊಂಡು ಬಂದರು. ತೋಳು ಕಪ್ಪುಗಟ್ಟಿತ್ತು. ಯಾರಿಗೂ ತೋರಿಸಲಿಲ್ಲ, ಅಂಗಿ ಬದಲಾಯಿಸುವಾಗ ಮೊಮ್ಮಗಳು ನೋಡಿ ಅಮ್ಮನಿಗೆ ಹೇಳಿದಳು. ಮಗು ಆ ದಿನಗಳಲ್ಲಿ ಆಡುತ್ತಿದ್ದ ಮಾತೆಂದರೆ ಅಂಥವೇ. ಉಳಿದಂತೆ ಅಮ್ಮನ ಹಿಂದೆ ಬಂದು ನಿಲ್ಲುವಳು, ಏನೆಂದು ಕೇಳಿದರೆ ಏನಿಲ್ಲ ಎನ್ನುವಳು.

ಎರಡನೆಯ ಸ್ಟೇಟ್‌ಮೆಂಟ್ ಬಂತು. ಮೇಜಿನ ಸುತ್ತ ಒಂದು ಕುರ್ಚಿ ಖಾಲಿ. ಮಾವ ಓದಿದರು, ದನಿ ಏರಿತು.

"ನೋಡಿ! ನ್ಯೂ ಮಾಡರ್ನ್ ಏಜೆನ್ಸೀಸ್, ಎರಡು ಸಾವಿರದ ಎಂಟುನೂರ ಎಪ್ಪತ್ತು, ವಾಪಸ್ಸು. ವಿಚಾರಣೆ ಮುಗಿಯೋವರೆಗೆ ಅಂತ ಬರೆದಿದಾರೆ, ಇರಲಿ. ವಾಪಸ್ಸು ವಾಪಸ್ಸೇ."

"ಹಾಗಾದ್ರೆ ಅಕ್ಕನ ತಪ್ಪಿಲ್ಲ ಅಂತಾಯ್ತಲ್ಲ," ಎಂದ ಗಂಡ.

"ವಿಚಾರಣೆ ಮುಗೀಲಿ ಅಂದ್ನಲ್ಲ."

ಸೊಸೆಯ ಕಿವಿ ಅದರಲ್ಲಿರಲಿಲ್ಲ. ಅವಳು ಮಾವನ ಭುಜದ ಮೇಲಿಂದ ಇಡೀ ಹಾಳೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದುತ್ತಿದ್ದಳು. ಆಪ್ಟಿಕಲ್ಸ್ ಎನ್ನುವ ಹೆಸರಿನ ಸಾಲು ಈ ತಿಂಗಳೂ ಇರಲಿಲ್ಲ. ಎರಡು ತಿಂಗಳಾಯಿತು. ಯಾವ ಅಂಗಡಿಯವನು ಕನ್ನಡಕ ಕೊಟ್ಟು ದುಡ್ಡು ಬೇಡವೆಂದು ಬಿಡುತ್ತಾನೆ?

ಸೋಮವಾರ ಪರದೆಯಂಗಡಿಗೆ ರಜ ಹೇಳಿ ಕನ್ನಡಕದಂಗಡಿಗೆ ಹೋದಳು. ಅಂಗಡಿಯವನು ಅವಳನ್ನು ನೋಡಿದ್ದೇ ಎದ್ದುನಿಂತ.

"ಬನ್ನಿ ಬನ್ನಿ. ನಿಮ್ಮನ್ನೇ ಕಾಯ್ತಿದ್ದೆ. ಕನ್ನಡಕ ತಗೊಂಡು, ತಗೊಂಡಿಲ್ಲ ಅಂತ ಬ್ಯಾಂಕಿಗೆ ಬರೆದುಕೊಟ್ಟಿದೀರಲ್ಲ ತಾಯಿ, ನ್ಯಾಯಾನಾ ಇದು?"

"ನಿಮ್ಮ ಅಂಗಡಿ ಹೆಸರೇ ಬಂದಿಲ್ಲ ಅದರಲ್ಲಿ."

ಅವನು ಹಳೆಯ ಸ್ಲಿಪ್ಪೊಂದನ್ನು ಮುಂದೆ ತಳ್ಳಿದ. ಮೇಲೆ ಕಣ್ಣಿನ ಚಿತ್ರವಿರಲಿಲ್ಲ, ಆಪ್ಟಿಕಲ್ಸ್ ಇರಲಿಲ್ಲ. ನ್ಯೂ ಮಾಡರ್ನ್ ಏಜೆನ್ಸೀಸ್ ಎಂದಿತ್ತು.

"ನಮ್ಮ ತಂದೆ ಗಡಿಯಾರ ಮಾರ್ತಿದ್ರು. ಅವರ ಕಾಲದ ಲೈಸೆನ್ಸು, ಅದೇ ಹೆಸರಲ್ಲಿ ಬ್ಯಾಂಕಿನ ಖಾತೆ, ಅದೇ ಮಿಷನ್ನು. ಎಲ್ಲರ ಸ್ಲಿಪ್ಪಲ್ಲೂ ಹಾಗೇ ಬರುತ್ತೆ. ಯಾರೂ ತಕರಾರು ಮಾಡಿಲ್ಲ, ಸ್ಲಿಪ್ಪು ಇಟ್ಕೊಂಡಿರ್ತಾರೆ."

"ನೀವು ಎರಡು ಸಾವಿರದ ನಾನೂರು ಅಂದಿದ್ರಿ."

"ಫ್ರೇಮು ಗಾಜು ಅಷ್ಟೇ. ಗೀರು ಬೀಳದ ಲೇಪ, ಡಬ್ಬಿ, ಒರೆಸೋ ದ್ರಾವಣ ಎಲ್ಲ ಸೇರಿ ನಾನೂರ ಎಪ್ಪತ್ತು. ಹಾಕ್ಲಾ ಅಂದೆ, ನೀವು ಹೂಂ ಅಂದ್ರಿ."

ಅಂದಿದ್ದಳೇನೋ. ಆ ಹೊತ್ತಿನಲ್ಲಿ ಅವಳು ಮಿಷನ್ನನ್ನು ನೋಡಿರಲಿಲ್ಲ. ಮಗು ಹೊಸ ಕನ್ನಡಕ ಹಾಕಿಕೊಂಡು ರಸ್ತೆಯಾಚೆಯ ಬೋರ್ಡುಗಳನ್ನು ಒಂದೊಂದಾಗಿ ಜೋರಾಗಿ ಓದುತ್ತಿತ್ತು, ಅವಳು ಅದನ್ನೇ ನೋಡುತ್ತ ನಾದಿನಿ ಹೇಳಿದ್ದ ನಾಲ್ಕು ಅಂಕಿ ಒತ್ತಿದ್ದಳು. ಈ ನಾನೂರ ಎಪ್ಪತ್ತರ ಬಗ್ಗೆ ಜಗಳ ಕಾಯಲು ಮಾವನಂಥ ಗಂಡಾಳು ಇನ್ನೊಬ್ಬರಿರಲಿಲ್ಲ. ಸ್ಲಿಪ್ಪು ಅವರ ಕೈಗೆ ಕೊಟ್ಟಿದ್ದರೆ ಅರ್ಧ ಗಂಟೆಯಲ್ಲಿ ವಸೂಲು ಮಾಡಿಕೊಂಡು ಬರುತ್ತಿದ್ದರು.

"ನಾನೂ ಬ್ಯಾಂಕಿಗೆ ಎಲ್ಲ ಕಳಿಸಿದೀನಿ ತಾಯಿ," ಎಂದ ಅಂಗಡಿಯವನು. "ಮಗು ಹೆಸರು, ಕಣ್ಣಿನ ನಂಬರು ಬರೆದ ಕಾರ್ಡು, ಎಲ್ಲ. ನನ್ನ ದುಡ್ಡು ನನಗೆ ಬರುತ್ತೆ. ನೀವು ಒಂದು ಮಾತು ಬಂದು ಕೇಳಿದ್ರೆ ಸಾಕಾಗಿತ್ತು."

ಅಲ್ಲಿಂದ ಅವಳು ಹಾಸ್ಟೆಲಿಗೆ ಹೋದಳು. ನಾದಿನಿ ಆಗಷ್ಟೇ ಕೆಲಸ ಮುಗಿಸಿ ಬಂದು ಬಿಳಿ ಕೋಟನ್ನು ಬಕೀಟಿನಲ್ಲಿ ನೆನೆಸುತ್ತಿದ್ದಳು. ಒಂದು ಕೋಣೆಗೆ ನಾಲ್ಕು ಮಂಚ. ಕೂರಲು ತನ್ನ ಮಂಚ ತೋರಿಸಿದಳು.

"ಅಕ್ಕ, ಅದು ಕನ್ನಡಕದ್ದೇ."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಬ್ಯಾಂಕಿನವರು ಫೋನು ಮಾಡಿದ ಸೋಮವಾರದಿಂದ. 'ಇದು ಕನ್ನಡಕದ ಅಂಗಡಿ ಅಂತ ತೋರಿಸ್ತಿದೆ ಮೇಡಂ, ನೆನಪಿದೆಯಾ' ಅಂತ ಕೇಳಿದ್ಲು ಹುಡುಗಿ. ಅಪ್ಪ ಎದುರಿಗೆ ಕಿವಿ ಚಾಚಿಕೊಂಡು ಕೂತಿದ್ರು. ಅರ್ಜಿಗೆ ಸಹಿ ಹಾಕಿ ಆಗಿತ್ತು. ಹೌದು ಅಂದ್ರೆ ನಾನು ಸುಳ್ಳಿ. ಯಾರಿಗೆ ಕನ್ನಡಕ ಅಂದ್ರೆ ನೀನು ಸುಳ್ಳಿ, ಮಗೂನೂ ಸುಳ್ಳಿ. ಇಲ್ಲ ಅಂದೆ."

"ನನಗ್ಯಾಕೆ ಹೇಳ್ಲಿಲ್ಲ?"

"ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ. ಗೊತ್ತಿದ್ದೂ ಸುಮ್ಮನಿದೀಯ ಅಂದ್ಕೊಂಡೆ. ಗುರುವಾರ ಸೌಟು ಹಿಡ್ಕೊಂಡು 'ನೆನಪು ಮಾಡ್ಕೊಳ್ಳಿ' ಅಂದೆಯಲ್ಲ, ಆಗ ಖಾತ್ರಿಯಾಯ್ತು."

"ಮಗುವಿನಾಣೆಗೂ ಗೊತ್ತಿರ್ಲಿಲ್ಲ ಅಕ್ಕ!"

"ಸರಿ. ಗೊತ್ತಿರ್ಲಿಲ್ಲ." ನಾದಿನಿ ಕೋಟನ್ನು ಹಿಂಡಿದಳು. "ಈಗ ಗೊತ್ತಾಯ್ತಲ್ಲ."

ಸೊಸೆ ಪರ್ಸಿನಿಂದ ಎಣಿಸಿಟ್ಟಿದ್ದ ದುಡ್ಡು ತೆಗೆದಳು. ಎರಡು ತಿಂಗಳ ಅಂಚು ಹೊಲಿದ ಕೂಲಿ. ನಾದಿನಿ ಒದ್ದೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಇದನ್ನ ಇಲ್ಲಿ ಕೊಟ್ರೆ ಏನಾಗುತ್ತೆ? ಇಷ್ಟು ದಿನ ಕಾದೆ ನಾನು, ಯಾರಾದ್ರೂ ಬರ್ತೀರಿ ಅಂತ. ಬಂದೆ. ಆದ್ರೆ ಹೇಳೋ ಜಾಗ ಇದಲ್ಲ ಕಣೆ. ಆ ಮೇಜಿನ ಮೇಲೆ ಇಡು, ಅಪ್ಪನ ಮುಂದೆ. ಆಮೇಲೆ ನನ್ನ ಕರಿ. ಬರ್ತೀನೋ ಇಲ್ವೋ ಆಗ ನೋಡೋಣ."

ಕೆಳಗೆ ಬಾಗಿಲವರೆಗೆ ಬಂದು, "ಅಪ್ಪನ ತೋಳು ಹೇಗಿದೆ? ಅವರ ನರ ಜಾರುತ್ತೆ, ಚಿಕ್ಕ ಸೂಜಿ ಕೇಳೋಕೆ ಹೇಳು," ಎಂದಳು. ಅವಳಿಗೆ ಅದು ಹೇಗೆ ಗೊತ್ತಾಯಿತೆಂದು ಸೊಸೆ ಕೇಳಲಿಲ್ಲ. ಲ್ಯಾಬಿನವರು ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿರುತ್ತಾರೆ.

ಅವತ್ತು ಸಂಜೆಯೇ ಹೇಳಿಬಿಡಬೇಕೆಂದು ಅವಳು ಮೊದಲು ಗಂಡನಿಗೆ ಹೇಳಿದಳು. ಅವನು ಗ್ರೀಸು ಮೆತ್ತಿದ ಕೈಗೆ ಸೋಪಿನ ಪುಡಿ ತಿಕ್ಕುತ್ತಿದ್ದವನು ಹಾಗೇ ನಿಂತ.

"ತಲೆ ಕೆಟ್ಟಿದೆಯಾ ನಿನಗೆ? ಅಪ್ಪನ ಕೈಲಿ ಸುಳ್ಳು ತಕರಾರು ಬರೆಸಿದೀವಿ. ಡಿಪೋದವರಿಗೆಲ್ಲ 'ಬ್ಯಾಂಕನ್ನೇ ಬಗ್ಗಿಸ್ದೆ' ಅಂತ ಹೇಳ್ಕೊಂಡು ಓಡಾಡ್ತಿದಾರೆ. ಈಗ ಅವರ ಮುಖಕ್ಕೆ ಮಸಿ ಬಳೀತೀಯಾ?"

"ಅಕ್ಕನ ಮುಖಕ್ಕೆ ಬಳಿದಿದ್ದು?"

"ಅಕ್ಕ ಗಟ್ಟಿಗಿತ್ತಿ. ತಡ್ಕೋತಾಳೆ."

"ತಡ್ಕೊಳ್ಳೋರ ಮೇಲೇ ಹಾಕ್ತಾ ಹೋಗೋದಾ?"

"ಹೇಳೋದು ಬೇಡ ಅನ್ನಲಿಲ್ಲ ನಾನು. ಈಗ ಬೇಡ. ಬ್ಯಾಂಕಿನಿಂದ ಕಾಗದ ಬರಲಿ, ನಾನೇ ದುಡ್ಡು ಕಟ್ತೀನಿ, ತಣ್ಣಗಾಗಲಿ, ನಿಧಾನಕ್ಕೆ ಹೇಳೋಣ." ಆಮೇಲೆ ದನಿ ತಗ್ಗಿಸಿ, "ಹೇಳಿದ್ರೆ ಆ ಕುರ್ಚೀಲಿ ನಾಳೆಯಿಂದ ಯಾರು ಕೂರ್ತಾರೆ ಗೊತ್ತಾ? ನೀನು," ಎಂದ.

ಅವಳಿಗೆ ಗೊತ್ತಿತ್ತು. ಆ ಮಾತಿಗೇ ಅವಳು ಸುಮ್ಮನಾದಳು. ಬಾಗಿಲ ಹತ್ತಿರ ಮಗು ಹೋಂವರ್ಕಿನ ಪುಸ್ತಕ ಹಿಡಿದು ನಿಂತಿತ್ತು. ಎಷ್ಟು ಹೊತ್ತಿನಿಂದ ನಿಂತಿತ್ತೋ.

"ಏನು ಪುಟ್ಟ?"

"ಏನಿಲ್ಲ."

"ಬಾ, ಲೆಕ್ಕ ತೋರಿಸು."

ಲೆಕ್ಕವೆಲ್ಲ ಸರಿಯಾಗಿತ್ತು. ಏಳು ಏಳಾಗಿಯೇ ಇತ್ತು.

ಒಂದು ದಿನ ಕಳೆದರೆ ಹೇಳುವುದು ಇನ್ನೊಂದು ದಿನದಷ್ಟು ಕಷ್ಟವಾಗುತ್ತ ಹೋಯಿತು. ಮಾವ ಚೆನ್ನಾಗಿ ಊಟ ಮಾಡುತ್ತಿದ್ದರೆ, ಈಗ ಯಾಕೆ ಕೆಡಿಸಲಿ ಎನ್ನಿಸುತ್ತಿತ್ತು. ಸಿಟ್ಟಿನಲ್ಲಿದ್ದರೆ, ಇವತ್ತಂತೂ ಬೇಡ ಎನ್ನಿಸುತ್ತಿತ್ತು. ಹೀಗೆ ಮೂರು ವಾರ. ಮಾರುಕಟ್ಟೆ, ಅಂಚು ಹೊಲಿಗೆ, ಪಾತ್ರೆ. ಮಗು ಪಾತ್ರೆ ಒರೆಸಿಡಲು ತಾನಾಗಿ ಬರುತ್ತಿತ್ತು. ಒರೆಸಿದ ತಟ್ಟೆಗಳನ್ನು ಎಣಿಸಿ ಜೋಡಿಸುವಾಗ ಐದನೆಯದನ್ನು ಬೇರೆ ಇಡುತ್ತಿತ್ತು.

ಮೂರನೆಯ ಸ್ಟೇಟ್‌ಮೆಂಟಿನ ಜೊತೆಗೆ ಬ್ಯಾಂಕಿನ ಪತ್ರವೂ ಬಂತು. ಭಾನುವಾರ ಮಾವ ಮೊದಲು ಅದನ್ನೇ ಬಿಡಿಸಿದರು. ಓದುತ್ತ ಅವರ ಕುತ್ತಿಗೆಯ ನರ ಉಬ್ಬಿತು.

"ಅಂಗಡಿಯವರು ದಾಖಲೆ ಒದಗಿಸಿದ್ದಾರಂತೆ. ಖರ್ಚು ನಿಜವಂತೆ. ಎರಡು ಸಾವಿರದ ಎಂಟುನೂರ ಎಪ್ಪತ್ತು ಮತ್ತೆ ನಮ್ಮ ತಲೆ ಮೇಲೆ."

"ಬಿಡಿ ಅಪ್ಪ, ನಾನು ಕಟ್ತೀನಿ," ಎಂದ ಮಗ, ತೀರಾ ಬೇಗ.

"ನೀನ್ಯಾಕೆ ಕಟ್ತೀಯ? ದುಡ್ಡಿನ ಮಾತಲ್ಲ ಇದು." ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಖರ್ಚು ನಿಜ ಅಂದ್ರೆ ಏನರ್ಥ? ಅವಳೇ ಮಾಡಿದಾಳೆ. ನನ್ನ ಎದುರಿಗೆ ಕೂತು, ಸಹಿ ಹಾಕಿ, ಫೋನಲ್ಲಿ ಇಲ್ಲ ಅಂದು, ಮೂರು ಸಲ ಸುಳ್ಳು. ಜೀವಮಾನವೆಲ್ಲ ಊರಿನವರನ್ನ ಹಿಡಿದವನು, ಮನೇಲಿರೋ ಕಳ್ಳೀನ ಹಿಡಿಯೋಕಾಗಲಿಲ್ಲ."

"ಮಾವ, ಹಾಗನ್ನಬೇಡಿ," ಎಂದಳು ಸೊಸೆ.

"ಇನ್ಹೇಗನ್ನಲಿ? ನಿನಗೆ ಬೇರೆ ಏನಾದ್ರೂ ಗೊತ್ತಿದ್ರೆ ಹೇಳು."

ಅದಕ್ಕಿಂತ ಅಗಲವಾಗಿ ಬಾಗಿಲು ಯಾರೂ ತೆರೆಯುವುದಿಲ್ಲ. ಗಂಡ ಮೇಜಿನ ಕೆಳಗೆ ಅವಳ ಪಾದವನ್ನು ಒತ್ತಿದ. ಅವಳು, "ಚಹಾ ಆರುತ್ತೆ, ಕುಡೀರಿ," ಎಂದಳು.

ಮಾವ ಚಹಾ ಮುಟ್ಟಲಿಲ್ಲ. "ಆ ದಾಖಲೆಗಳ ಪ್ರತಿ ಕೇಳಿದ್ರೆ ಕೊಡ್ತಾರಂತೆ, ಕೊನೇಲಿ ಬರೆದಿದಾರೆ. ಬೇಡ. ಅವಳು ಯಾರಿಗೆ ಏನು ಕೊಡಿಸಿದ್ಲು ಅಂತ ಕಾಗದದ ಮೇಲೆ ನೋಡೋ ಹಣೆಬರಹ ನನಗೆ ಬೇಡ." ಪತ್ರವನ್ನು ಮಡಿಸಿ ಲಕೋಟೆಗೆ ಹಾಕಿದರು. ದನಿಯಲ್ಲಿ ಸಿಟ್ಟು ಇಳಿದು ಬೇರೇನೋ ಬಂದಿತ್ತು. "ಅವಳ ಕಪಾಟು ಖಾಲಿ ಮಾಡಿ. ಬಟ್ಟೆಬರೆ ಇದ್ರೆ ಗಂಟು ಕಟ್ಟಿ ಹಾಸ್ಟೆಲಿಗೆ ಕೊಟ್ಟು ಬಾ," ಎಂದು ಮಗನಿಗೆ ಹೇಳಿದರು. "ಇನ್ನು ಈ ಮನೆ ಮೆಟ್ಟಿಲು ಹತ್ತೋದು ಬೇಡ ಅಂತಾನೂ ಹೇಳು. ನಾನು ಹೇಳ್ದೆ ಅಂತ ಹೇಳು."

ಮಾವ ಮೊಮ್ಮಗಳ ತಲೆ ಸವರಿದರು.

"ಕಪಾಟು ಇನ್ಮೇಲೆ ನಮ್ಮ ಅರ್ಧ ಟಿಕೀಟಿಂದು. ಪುಸ್ತಕ ಜೋಡಿಸಿಟ್ಕೋ ಮರಿ. ಈ ಮನೇಲಿ ಒಂದು ಸುಳ್ಳೂ ಹೇಳದೇ ಇರೋಳು ನೀನೊಬ್ಳೇ."

ಮಗು ತಾತನ ಕೈಯಡಿಯಿಂದ ತಲೆ ಸರಿಸಿಕೊಂಡಿತು. ಕುರ್ಚಿಯಿಂದ ಇಳಿದು, ಮೇಜು ಸುತ್ತಿಕೊಂಡು, ಎಂದಿನಂತೆ ಅಮ್ಮನ ಹಿಂದೆ ನಿಲ್ಲದೆ ಮುಂದೆ ಬಂದು ನಿಂತಿತು. ಕಣ್ಣು ಅಮ್ಮನ ಮುಖ ಬಿಟ್ಟು ಅತ್ತಿತ್ತ ಹೋಗಲಿಲ್ಲ.

"ಅಮ್ಮಾ, ಅತ್ತೆ ಕಾರ್ಡಲ್ಲಿ ತಗೊಂಡಿದ್ದು ನನ್ನ ಕನ್ನಡಕ ಅಂತ ಈಗ್ಲಾದ್ರೂ ಹೇಳ್ಬಹುದಾ?"